ಗುಂಪುಚರ್ಚೆಯಲ್ಲಿ ಮಾತು ಮತ್ತು ಆಲಿಸುವಿಕೆ: ಪುಣೆಯ ಕನ್ನಡ ತರಗತಿಯ ಮೌಲ್ಯಮಾಪನ

ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳನ್ನು ಭಾಷಾಬೋಧನೆಯ ಗ್ರಂಥಗಳು ಒಟ್ಟಿಗೇ ಹೇಳುತ್ತವೆಯಾದರೂ ಅಂಕಪಟ್ಟಿಯಲ್ಲಿ ಮೊದಲಿನೆರಡಕ್ಕೆ ದೊರೆತ ಸ್ಥಾನ ಅಲ್ಪವಾದುದು. ಇಂಗ್ಲೆಂಡಿನಲ್ಲಿ ಆಂಡ್ರ್ಯೂ ವಿಲ್ಕಿನ್ಸನ್ 1965ರಲ್ಲಿ ‘ಓರಸಿ’ ಎಂಬ ಪದವನ್ನು ಟಂಕಿಸಿ, ಸಾಕ್ಷರತೆಗೆ ಸಮನಾದ ಗೌರವವನ್ನು ಈ ಜೋಡಿ ಕೌಶಲಗಳಿಗೆ ಕೇಳಿದರು. ಡಗ್ಲಸ್ ಬಾರ್ನ್ಸ್ 1976ರ ತಮ್ಮ ಗ್ರಂಥದಲ್ಲಿ, ಮಕ್ಕಳು ತಡವರಿಸುತ್ತ, ತಿದ್ದಿಕೊಳ್ಳುತ್ತ ಆಡುವ ಮಾತೇ ಚಿಂತನೆಯ ಸಾಧನವೆಂದು ತೋರಿಸಿದರು. ಈ ವಿಚಾರಗಳನ್ನು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ತರಗತಿಗೆ ಅನ್ವಯಿಸುವಾಗ ಏಳುವ ತೊಡಕುಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪುಣೆಯಲ್ಲಿ ನೆಲೆಗೊಂಡು 1967ರಿಂದ ಕೆಲಸ ಮಾಡುತ್ತಿರುವ ಬಾಲಭಾರತಿ ಸಂಸ್ಥೆ ಕನ್ನಡವನ್ನೂ ಒಳಗೊಂಡು ಎಂಟು ಮಾಧ್ಯಮಗಳಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತ ಬಂದಿದೆ. ಅಕ್ಕಲಕೋಟೆ, ಜತ್ತ ತಾಲೂಕುಗಳ ಶಾಲೆಗಳಲ್ಲಿಯೂ ಪುಣೆಯಲ್ಲಿಯೂ ಕನ್ನಡದ ಮಕ್ಕಳು ಓದುವುದು ಈ ಪುಸ್ತಕಗಳನ್ನೇ. ಶಿಕ್ಷಣ ಹಕ್ಕು ಕಾಯಿದೆಯ ತರುವಾಯ, 2010ರ ಆಗಸ್ಟಿನಲ್ಲಿ, ರಾಜ್ಯ ಸರಕಾರವು ಮೌಲ್ಯಮಾಪನವನ್ನು ‘ಆಕಾರಿಕ’, ‘ಸಂಕಲಿತ’ ಎಂದು ಇಬ್ಭಾಗಿಸಿತು. ಆರನೆಯ ತರಗತಿಗೆ ಇವೆರಡರ ಪ್ರಮಾಣ ಶೇ. 50–50, ಏಳು ಮತ್ತು ಎಂಟಕ್ಕೆ ಶೇ. 40–60. ಆಕಾರಿಕ ಸಾಧನಗಳಲ್ಲಿ ‘ತೋಂಡಿ ಕಾಮ’, ಅಂದರೆ ಬಾಯಿಮಾತಿನ ಕೆಲಸ, ಒಂದು. ಪ್ರಶ್ನೋತ್ತರ, ಪ್ರಕಟವಾಚನ, ಸಂಭಾಷಣೆಗಳ ಜೊತೆಗೆ ಗುಂಪುಚರ್ಚೆಯೂ ಅದರೊಳಗೆ ಸೇರಿತು. ಆದರೆ ಚರ್ಚೆಯಲ್ಲಿ ಏನನ್ನು ಅಳೆಯಬೇಕು ಎಂಬುದು ಪಟ್ಟಿಯಿಂದಲೇ ತಿಳಿಯುವ ಸಂಗತಿಯಲ್ಲ.

ಪುಣೆಗೆ ಕನ್ನಡ ಬಂದ ದಾರಿಗಳು ಹಲವು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಮನೆಯಲ್ಲಿ ತುಳು ಅಥವಾ ಲಂಬಾಣಿ ಆಡುವವರಿದ್ದಾರೆ. ಬೀದಿಯ ಭಾಷೆ ಎಲ್ಲರಿಗೂ ಮರಾಠಿ. ನೀರಿನ ಮಿತಬಳಕೆಯನ್ನು ಕುರಿತ ಚರ್ಚೆಯಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೆ ಹೇಳಿದಳೆಂದು ಭಾವಿಸೋಣ: “ಅಂವಾ ಹೇಳಿದ್ದು ಖರೆ ಐತಿ, ಪಣ ನಮ್ಮ ಕಡೆ ನೀರು ಬರೂದು ಮುಂಜಾನೆ ಅಷ್ಟ, ಆವಾಗ ಅವ್ವ ಕೆಲಸಕ್ಕ ಹೋಗಿರ್ತಾಳ.” ಗ್ರಂಥಸ್ಥ ಕನ್ನಡವನ್ನೇ ಅಳತೆಗೋಲಾಗಿ ಹಿಡಿದವರಿಗೆ ಇಲ್ಲಿ ತಪ್ಪುಗಳಷ್ಟೇ ಕಾಣುತ್ತವೆ. ಆದರೆ ಆ ಒಂದು ವಾಕ್ಯದಲ್ಲಿ ಹಿಂದಿನವನ ಮಾತನ್ನು ಕೇಳಿಸಿಕೊಂಡ ಸಾಕ್ಷ್ಯವಿದೆ, ಒಪ್ಪಿಗೆಯಿದೆ, ಆಕ್ಷೇಪವಿದೆ, ಅದಕ್ಕೆ ಅನುಭವದಿಂದ ತೆಗೆದ ಕಾರಣವಿದೆ. ‘ಪಣ’ ಮರಾಠಿಯ ಪದ ನಿಜ; ‘ಖರೆ’ಯೂ ಅಲ್ಲಿಯದೇ, ಅದು ಉತ್ತರ ಕರ್ನಾಟಕದಲ್ಲಿ ಎಂದೋ ಮನೆಯ ಮಾತಾಗಿದೆ. ಒಂದಕ್ಕೆ ಅಂಕ ಕಳೆದು ಇನ್ನೊಂದನ್ನು ಬಿಡುವುದಕ್ಕೆ ಭಾಷಾಶಾಸ್ತ್ರದ ಆಧಾರವಿಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಗ್ರಾಮವನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಯೇ ಒಂದಕ್ಕೊಂದು ಸಮೀಪಿಸಿರುವುದನ್ನು ತೋರಿಸಿತು. ಇಡೀ ಸಮುದಾಯದ ಭಾಷಾಚರಿತ್ರೆಯನ್ನು ಒಂದು ಮಗುವಿನ ದೋಷವೆಂದು ದಾಖಲಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಪ್ರಮಾಣಭಾಷೆಯನ್ನು ಕಲಿಸಬೇಕು, ಅದರ ಪರೀಕ್ಷೆಗೆ ಬರವಣಿಗೆ, ಸಭಾಭಾಷಣಗಳಂಥ ಬೇರೆ ಸಂದರ್ಭಗಳಿವೆ.

ಆಲಿಸುವಿಕೆಯ ಪ್ರಶ್ನೆ ಇನ್ನೂ ಸೂಕ್ಷ್ಮ, ಏಕೆಂದರೆ ಅದು ಕಣ್ಣಿಗೆ ಕಾಣದು. ತಲೆದೂಗುವುದು ಗಮನದ ಲಕ್ಷಣವಾಗಿರಬಹುದು, ವಿಧೇಯತೆಯದೂ ಆಗಿರಬಹುದು. ನಂಬಬಹುದಾದ ಸಾಕ್ಷ್ಯ ದೊರೆಯುವುದು ಮುಂದಿನ ಮಾತಿನಲ್ಲಿ: ಇನ್ನೊಬ್ಬನ ಅಭಿಪ್ರಾಯವನ್ನು ಸ್ವಂತ ಮಾತಿನಲ್ಲಿ ಮರುಹೇಳುವುದು, ಅರ್ಥವಾಗದ್ದನ್ನು ಕೇಳುವುದು, ತನ್ನ ನಿಲುವನ್ನು ಬದಲಿಸುವುದು. ಮಾತಿನ ಸರದಿಗಳನ್ನು ಎಣಿಸಿ ಅಂಕ ಕೊಟ್ಟರೆ ಬಾಯಾಳಿಗಳಿಗೆ ಲಾಭ. ಹತ್ತು ನಿಮಿಷ ಸುಮ್ಮನಿದ್ದು ಒಂದೇ ಪ್ರಶ್ನೆಯಿಂದ ಚರ್ಚೆಯ ದಿಕ್ಕನ್ನು ತಿರುಗಿಸುವ ಮಗು ಆ ಎಣಿಕೆಯಲ್ಲಿ ಹಿಂದುಳಿಯುತ್ತದೆ. ಏನನ್ನೂ ಆಡದ ಮಗುವನ್ನು, ಚರ್ಚೆ ಮುಗಿದ ಬಳಿಕ, “ಯಾರು ಏನು ಹೇಳಿದರು, ನಿನಗೆ ಯಾವುದು ಸರಿಯೆನಿಸಿತು?” ಎಂದು ಪ್ರತ್ಯೇಕವಾಗಿ ಕೇಳುವುದು ಉಚಿತ.

ವ್ಯವಸ್ಥೆಯ ಮಾತು ಸರಳ. ಐದಾರು ಮಕ್ಕಳ ಗುಂಪು. ಒಂದು ಅವಧಿಯಲ್ಲಿ ಶಿಕ್ಷಕರು ಒಂದೇ ಗುಂಪನ್ನು ಗಮನಿಸಿ, ಅಂಕಕ್ಕಿಂತ ಮೊದಲು ಮಗು ಆಡಿದ ಒಂದೆರಡು ವಾಕ್ಯಗಳನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ಗುಂಪು ಮುಟ್ಟಿದ ತೀರ್ಮಾನ ಬೇರೆ, ವ್ಯಕ್ತಿಯ ಪಾಲು ಬೇರೆ. ಇವೆರಡನ್ನು ಒಂದೇ ಅಂಕದಲ್ಲಿ ಬೆರೆಸಬಾರದು. ವಿಷಯವು ಮಕ್ಕಳಿಗೆ ಗೊತ್ತಿರುವುದಾಗಿರಬೇಕು, ಇಲ್ಲವಾದರೆ ಅಳೆಯುವುದು ಮಾತನ್ನಲ್ಲ, ಮಾಹಿತಿಯನ್ನು.

2023ರಲ್ಲಿ ಮಹಾರಾಷ್ಟ್ರವು ಐದು ಮತ್ತು ಎಂಟನೆಯ ತರಗತಿಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿತು. ಉತ್ತೀರ್ಣತೆಯ ಭಾರ ಬಿದ್ದಾಗ ಮೊದಲು ಸೊರಗುವುದು ಕಾಗದದ ಮೇಲೆ ಉಳಿಯದ ಕೌಶಲವೇ. ಆದುದರಿಂದ ರಾಜ್ಯದ ಹೊರಗಿರುವ ಸಂಶೋಧಕರು ಕೈಗೊಳ್ಳಬಹುದಾದ ಒಂದು ಕಾರ್ಯವನ್ನು ಸೂಚಿಸಬಯಸುತ್ತೇನೆ. ಇಂಥ ಚರ್ಚೆಗಳನ್ನು ಪಾಲಕರ ಒಪ್ಪಿಗೆಯಿಂದ ಧ್ವನಿಮುದ್ರಿಸಿ, ಒಂದೇ ಮುದ್ರಣಕ್ಕೆ ಧಾರವಾಡದ ಶಿಕ್ಷಕರೊಬ್ಬರಿಂದಲೂ ಮೈಸೂರಿನವರೊಬ್ಬರಿಂದಲೂ ಜತ್ತದವರೊಬ್ಬರಿಂದಲೂ ಪ್ರತ್ಯೇಕವಾಗಿ ಅಂಕ ಹಾಕಿಸಬೇಕು. ಮೂವರ ಅಂಕಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಅವರು ಮಗುವಿನ ಆಲೋಚನೆಯನ್ನು ಅಳೆದರೋ ಊರನ್ನು ಅಳೆದರೋ ಎಂದು ಪರೀಕ್ಷಿಸಲು ಸಾಧ್ಯವಾಗುತ್ತದೆ.