ಬಳ್ಳಿ ಒಂದೇ ದಿನದಲ್ಲಿ ಸಾಯುವುದಿಲ್ಲ

ನಿನ್ನೆಯವರೆಗೆ ಹಿತ್ತಲಲ್ಲಿ ಹಚ್ಚಹಸಿರಾಗಿ ಹಬ್ಬಿದ್ದ ವೀಳ್ಯದೆಲೆ ಬಳ್ಳಿ ಇಂದು ಜೋತುಬಿದ್ದಿದೆ. ಎಲೆಯಲ್ಲಿ ಹುಳುವಿಲ್ಲ, ಕಾಂಡಕ್ಕೆ ಗಾಯವಿಲ್ಲ. ಹಿರಿಯರು ‘ದೃಷ್ಟಿ ತಾಗಿತು’ ಎನ್ನುತ್ತಾರೆ. ಮಕ್ಕಳು ಮರುಕದಿಂದ ಇನ್ನೊಂದು ಕೊಡ ನೀರು ಸುರಿಯುತ್ತಾರೆ. ಕೇಡು ಇರುವುದು ಆ ನೀರಿನಲ್ಲೇ!

ಕೊಣ್ಣೂರು, ನರಗುಂದ ಸೀಮೆಯ ಎರೆಮಣ್ಣು ಹೀರಿದ ನೀರನ್ನು ಬೇಗ ಬಿಡದು. ಅಂಥ ತೇವದಲ್ಲಿ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಕಣಗಳು ಈಜುತ್ತ ಬೇರನ್ನು ಸೇರಿ ಕೊಳೆಸುತ್ತವೆ. ಉಳಿದ ಬೇರುಗಳು ನೀರು ಪೂರೈಸುವವರೆಗೆ ಎಲೆ ಹಸಿರಾಗಿಯೇ ಇರುತ್ತದೆ. ಬಾಡಿದ್ದು ಇಂದು, ಕಾಯಿಲೆ ಮಾತ್ರ ಹಳೆಯದು. ಮಲೆನಾಡಿನ ಕಾಳುಮೆಣಸಿನ ಸೊರಗು ರೋಗಕ್ಕೂ ಅಡಿಕೆಯ ಕೊಳೆರೋಗಕ್ಕೂ ಇದೇ ಕುಲದ ಜೀವಿಗಳು ಕಾರಣ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಬೆಳೆಗಾರರಿಗೆ ಕಲಿಸಿದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಬಳ್ಳಿ ಬಾಡಿದರೆ ಮೊದಲು ಬುಡದ ಮಣ್ಣನ್ನು ಮುಟ್ಟಿ ನೋಡಿ. ಒಣಗಿದ್ದರೆ ನೀರು ಕೊಡಿ. ತೇವವಿದ್ದೂ ಬಾಡಿದ್ದರೆ ನೀರು ನಿಲ್ಲಿಸಿ, ಮಕ್ಕಳಿಂದಲೇ ಮಣ್ಣು ಕೆದಕಿಸಿ ಒಂದು ಬೇರನ್ನು ತೋರಿಸಿ. ಅದು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ ಕೊಳೆತಿದೆ ಎಂದರ್ಥ. ಅಂಥ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡಿ. ಹೊಸ ಬಳ್ಳಿಯನ್ನು ಬೇರೆ ಜಾಗದಲ್ಲಿ, ನೀರು ನಿಲ್ಲದ ಏರುಮಡಿಯಲ್ಲಿ ನೆಡಿ.