ಮಧುಮೇಹ ಮತ್ತು ಮಿದುಳಿನ ಸಂಪರ್ಕ ಜಾಲ

ಮಧುಮೇಹವೆಂದೊಡನೆ ಕಣ್ಣು, ಮೂತ್ರಪಿಂಡ, ಪಾದ, ಹೃದಯ ಇವುಗಳಿಗೆ ಒದಗುವ ತೊಂದರೆಗಳು ನೆನಪಿಗೆ ಬರುತ್ತವೆ. ಈ ಪಟ್ಟಿಗೆ ಮಿದುಳನ್ನು ಸೇರಿಸುವವರು ಕಡಿಮೆ. ಆದರೆ ವಿಚಾರ ಹೊಸದೇನಲ್ಲ. ಇನ್ಸುಲಿನ್ನನ್ನು ಮೊದಲ ಬಾರಿಗೆ ರೋಗಿಗೆ ಚುಚ್ಚಿದ 1922ರಲ್ಲೇ, ಕೆಲವು ಮಧುಮೇಹಿಗಳು ನೆನಪು ಹಾಗೂ ಗಮನದ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆಂದು ಅಮೆರಿಕದ ಮೈಲ್ಸ್ ಮತ್ತು ರೂಟ್ ವರದಿ ಮಾಡಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಆದ್ದರಿಂದ ಈ ನಂಟನ್ನು ಅರಿಯುವುದು ಅಗತ್ಯ.

ನಮ್ಮ ಮಿದುಳು ದೇಹದ ತೂಕದ ಸುಮಾರು 2 ಶೇಕಡಾ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ಈ ಶಕ್ತಿಯ ಮುಖ್ಯ ಮೂಲ ರಕ್ತದಲ್ಲಿನ ಗ್ಲೂಕೋಸ್. ನರಕೋಶಗಳು ಹೆಚ್ಚಾಗಿರುವ ಭಾಗ ಬೂದುದ್ರವ್ಯ. ದೂರದ ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟುಗಳೇ ಬಿಳಿದ್ರವ್ಯ. ಈ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಹೊದಿಕೆಯಿಲ್ಲದ ತಂತುವಿನಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಹೊದಿಕೆಯಿರುವ ದಪ್ಪ ತಂತುಗಳಲ್ಲಿ ಅದು ನೂರು ಮೀಟರ್ ಮುಟ್ಟಬಲ್ಲದು. ಹೊದಿಕೆ ಅಥವಾ ತಂತು ಹಾಳಾದರೆ ಯೋಚನೆಯ ವೇಗ ಕುಗ್ಗುವುದು ಸಹಜವಲ್ಲವೆ?

ಮಧುಮೇಹದಲ್ಲಿ ಹಾನಿ ಹಲವು ದಾರಿಗಳಿಂದ ಬರುತ್ತದೆ. ದೀರ್ಘಕಾಲ ಏರಿದ ಗ್ಲೂಕೋಸ್ ಸಣ್ಣ ರಕ್ತನಾಳಗಳ ಗೋಡೆಯನ್ನು ಕೆಡಿಸುತ್ತದೆ. ರಕ್ತದ ಪೂರೈಕೆ ಕುಗ್ಗಿದಾಗ ಬಿಳಿದ್ರವ್ಯದ ಆಳದ ಭಾಗಗಳಿಗೆ ಬೇಗ ಪೆಟ್ಟು ಬೀಳುತ್ತದೆ. ಜೊತೆಗೆ ರಕ್ತದೊತ್ತಡವೂ ಹೆಚ್ಚಿದ್ದರೆ ಹಾನಿ ಇಮ್ಮಡಿಸುವ ಸಂಭವವುಂಟು. ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್‌ನಲ್ಲಿ ಇನ್ಸುಲಿನ್ ಗ್ರಾಹಕಗಳು ಹೇರಳ. ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್‌ಗೆ ಅಂಗಾಂಶಗಳು ಸರಿಯಾಗಿ ಸ್ಪಂದಿಸದಿರುವುದು ಇಲ್ಲಿಯೂ ಪರಿಣಾಮ ಬೀರಬಹುದು.

ತಲೆಬುರುಡೆಯ ಒಳಗಿನ ಈ ಬದಲಾವಣೆ ಕಾಣುವುದು ಹೇಗೆ? ಎಂಆರ್‌ಐ ಯಂತ್ರದಿಂದ ನೀರಿನ ಅಣುಗಳ ಚಲನೆಯನ್ನು ಅಳೆಯಬಹುದು. ಆರೋಗ್ಯವಂತ ತಂತುವಿನಲ್ಲಿ ನೀರು ತಂತುವಿನ ಉದ್ದಕ್ಕೆ ಸುಲಭವಾಗಿ, ಅಡ್ಡಕ್ಕೆ ಕಷ್ಟದಿಂದ ಚಲಿಸುತ್ತದೆ. ಮಧುಮೇಹಿಗಳಲ್ಲಿ ಈ ವ್ಯತ್ಯಾಸ ತಗ್ಗಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಇನ್ನೊಂದು ವಿಧಾನದಲ್ಲಿ, ವ್ಯಕ್ತಿ ಸುಮ್ಮನೆ ಮಲಗಿರುವಾಗ ಮಿದುಳಿನ ಯಾವ ಯಾವ ಭಾಗಗಳಲ್ಲಿ ಆಮ್ಲಜನಕಯುತ ರಕ್ತ ಒಟ್ಟಿಗೆ ಏರಿಳಿಯುತ್ತದೆಂದು ನೋಡುತ್ತಾರೆ. ಜೊತೆಯಾಗಿ ಏರಿಳಿಯುವ ಭಾಗಗಳು ಒಂದು ಜಾಲಕ್ಕೆ ಸೇರಿದವು. ಮಧುಮೇಹದಲ್ಲಿ ಕೆಲವು ಜಾಲಗಳ ಈ ಹೊಂದಾಣಿಕೆ ಸಡಿಲಗೊಂಡಿರುತ್ತದೆ.

ಅರಿವಿನ ಕುಸಿತ ಸಾಮಾನ್ಯವಾಗಿ ಅಲ್ಪವೇ. ಅಂಕಿಗೆ ತಕ್ಕ ಚಿಹ್ನೆ ಬರೆಯುವಂಥ ವೇಗದ ಪರೀಕ್ಷೆಗಳಲ್ಲಿ ಅದು ಎದ್ದು ಕಾಣುತ್ತದೆ. ಆದರೆ ನೆದರ್ಲೆಂಡಿನ ರಾಟರ್‌ಡ್ಯಾಮ್ ಅಧ್ಯಯನ 1999ರಲ್ಲಿ, ಹಿರಿಯ ಮಧುಮೇಹಿಗಳಲ್ಲಿ ಡಿಮೆನ್ಶಿಯ ಎಂಬ ಮರೆವಿನ ರೋಗದ ಅಪಾಯ ಹೆಚ್ಚುಕಡಿಮೆ ಇಮ್ಮಡಿ ಎಂದು ತಿಳಿಸಿತು. ಅಪಾಯ ಇಮ್ಮಡಿ ಎಂದರೆ ಎಲ್ಲರಿಗೂ ಬರುತ್ತದೆಂದಲ್ಲ. ಬಹಳಷ್ಟು ಮಧುಮೇಹಿಗಳಿಗೆ ಅದು ಬರುವುದಿಲ್ಲ.

ಹಾಗಾದರೆ ಗ್ಲೂಕೋಸನ್ನು ಆದಷ್ಟೂ ಇಳಿಸಿದರೆ ಸಾಕೆ? ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 3,000 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 40 ತಿಂಗಳ ಬಳಿಕ, ಕಟ್ಟುನಿಟ್ಟಿನ ಚಿಕಿತ್ಸೆ ಪಡೆದವರ ಮಿದುಳಿನ ಗಾತ್ರ ತುಸು ಹೆಚ್ಚು ಉಳಿದಿತ್ತು. ಆದರೆ ಬುದ್ಧಿಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ, ಸಾವುಗಳು ಹೆಚ್ಚಿದ್ದರಿಂದ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು 2008ರಲ್ಲೇ ನಿಲ್ಲಿಸಲಾಗಿತ್ತು. ಗ್ಲೂಕೋಸ್ ತೀರ ಇಳಿದರೂ ಮಿದುಳಿಗೆ ಅಪಾಯವೇ. ಗುರಿ ಎಷ್ಟಿರಬೇಕೆಂಬುದನ್ನು ರೋಗಿಯ ವಯಸ್ಸು, ಸ್ಥಿತಿ ನೋಡಿ ವೈದ್ಯರು ನಿರ್ಧರಿಸಬೇಕು.

ಶಿಕ್ಷಕರು ಗಮನಿಸಬೇಕಾದ ಅಂಶ ಇಲ್ಲಿದೆ. ಇನ್ಸುಲಿನ್ ಪಡೆಯುವ ವಿದ್ಯಾರ್ಥಿ ತರಗತಿಯಲ್ಲಿ ಬೆವತು, ನಡುಗಿ, ಅಸಂಬದ್ಧವಾಗಿ ಉತ್ತರಿಸಿದರೆ ಅದು ಅಲಕ್ಷ್ಯವಲ್ಲ, ಮಿದುಳಿಗೆ ಗ್ಲೂಕೋಸ್ ಸಾಲದಿರುವ ಸೂಚನೆಯಾಗಿರಬಹುದು. ಎಚ್ಚರವಿದ್ದು ನುಂಗಬಲ್ಲವನಾಗಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ಮನೆಯ ಹಿರಿಯರು ಮಾತ್ರೆ ನುಂಗಿದ್ದನ್ನೇ ಮರೆತು ಮತ್ತೊಮ್ಮೆ ನುಂಗಿದರೆ ಅದನ್ನು ಬರಿಯ ಮುಪ್ಪೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ವ್ಯಾಯಾಮ, ರಕ್ತದೊತ್ತಡದ ಹತೋಟಿ, ಧೂಮಪಾನ ತ್ಯಾಗ ಇವು ಹೃದಯವನ್ನು ಕಾಯುವಂತೆಯೇ ಮಿದುಳಿನ ರಕ್ತನಾಳಗಳನ್ನೂ ಕಾಯುತ್ತವೆ.