ಬಾಯಿಯ ಕ್ಯಾನ್ಸರ್: ತಿಂಗಳಿಗೊಮ್ಮೆ ಕನ್ನಡಿಯ ಮುಂದೆ



ಫೆಬ್ರವರಿ 3 ಸಂತ ಬ್ಲೇಸರ ಸ್ಮರಣೆಯ ದಿನ. ಅಂದು ಬಲಿಪೂಜೆಯ ನಂತರ ಎರಡು ಮೇಣದಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಹಿಡಿದು ಗಂಟಲನ್ನು ಆಶೀರ್ವದಿಸುವುದು ಧರ್ಮಸಭೆಯ ಹಳೆಯ ರೂಢಿ. ಅದರ ಮರುದಿನವೇ, ಫೆಬ್ರವರಿ 4, ವಿಶ್ವ ಕ್ಯಾನ್ಸರ್ ದಿನ. ಗಂಟಲಿಗೆ ಆಶೀರ್ವಾದ ಪಡೆದವರು ಮರುದಿನ ಬಾಯಿ ತೆರೆದು ಕನ್ನಡಿಯಲ್ಲಿ ನೋಡಿಕೊಳ್ಳಲಿ ಎಂಬುದೇ ನಮ್ಮ ಈ ಸಲದ ಮಾತು.

ಈ ಮಾತು ಹೇಳಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ಕೆನ್ನೆಯ ಒಳಗೆ ಹುಣ್ಣಾಗಿದೆ, ಖಾರ ತಾಗಿದರೆ ಉರಿಯುತ್ತದೆ ಎಂದು ನಮ್ಮ ಬಳಿ ಹೇಳಿಕೊಂಡರು. "ಉಷ್ಣ ಇರಬೇಕು, ಎಳನೀರು ಕುಡಿಯಿರಿ, ಪ್ರಾರ್ಥಿಸುತ್ತೇವೆ" ಎಂದು ಕಳುಹಿಸಿದೆವು. ನೋವಿಲ್ಲವಲ್ಲ ಎಂದು ಅವರೂ ಸುಮ್ಮನಾದರು. ಐದು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದಾಗ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಅವರಿಗೆ ರೋಗಿಗಳ ಅಭ್ಯಂಗವನ್ನು ನೀಡಿದ್ದೂ ನಾವೇ. ಅಂದು ಪ್ರಾರ್ಥನೆಯ ಜೊತೆಗೆ ಆಸ್ಪತ್ರೆಯ ದಾರಿಯನ್ನೂ ತೋರಿಸಬೇಕಿತ್ತು.

ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಬಾಯಿಯದು. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 40 ಸಾವಿರ ಹೊಸ ರೋಗಿಗಳು. ಮುಖ್ಯ ಕಾರಣಗಳು ನಮಗೆಲ್ಲ ಗೊತ್ತಿರುವಂಥವೇ: ಹೊಗೆಸೊಪ್ಪು, ಗುಟ್ಕಾ, ಬೀಡಿ, ಮದ್ಯ. ತಂಬಾಕು ಮತ್ತು ಮದ್ಯ ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ತಮಿಳುನಾಡು ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದರೂ ತೋಟದ ಆಳುಗಳ ಸೊಂಟದಲ್ಲೂ ತಿರುಪ್ಪೂರಿನ ರಾತ್ರಿ ಪಾಳಿಯ ಹುಡುಗರ ಜೇಬಿನಲ್ಲೂ ಪೊಟ್ಟಣ ಸಿಗುತ್ತದೆ.

ಅಡಿಕೆಯ ವಿಷಯವನ್ನೂ ಹೇಳಲೇಬೇಕು. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ ಮನೆಗಳು ನಮ್ಮಲ್ಲಿವೆ. ಅವರಿಗೆ ಈ ಮಾತು ಕಹಿಯಾಗಬಹುದು. ಆದರೆ ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಬಿಗಿಯುತ್ತದೆ. ಪರಮಪ್ರಸಾದ ನೀಡುವಾಗ ಬಾಯಿ ಪೂರ್ತಿ ತೆರೆಯಲಾಗದವರನ್ನು ನಾವು ಕಾಣುತ್ತೇವೆ. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ.

ಈಗ ಪರೀಕ್ಷೆಯ ಕ್ರಮ. ಇದಕ್ಕೆ ಐದು ನಿಮಿಷ ಸಾಕು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲಿದ್ದರೆ ತೆಗೆದಿಟ್ಟು, ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ.

1. ಮೇಲ್ದುಟಿ, ಕೆಳದುಟಿಗಳನ್ನು ಮಡಿಸಿ ಒಳಭಾಗವನ್ನೂ ಒಸಡನ್ನೂ ನೋಡಿ.
2. ಬೆರಳಿನಿಂದ ಕೆನ್ನೆಯನ್ನು ಎಳೆದು ಎರಡೂ ಬದಿಯ ಒಳಭಾಗ ನೋಡಿ. ಎಲೆಅಡಿಕೆ ಒತ್ತರಿಸಿಕೊಳ್ಳುವ ಜಾಗವನ್ನು ವಿಶೇಷವಾಗಿ ಗಮನಿಸಿ.
3. ನಾಲಿಗೆಯನ್ನು ಹೊರಚಾಚಿ, ಶುದ್ಧ ಬಟ್ಟೆಯಿಂದ ತುದಿ ಹಿಡಿದು ಎರಡೂ ಅಂಚುಗಳನ್ನು ನೋಡಿ. ಬಳಿಕ ನಾಲಿಗೆಯನ್ನು ಎತ್ತಿ ಅಡಿಭಾಗ ನೋಡಿ.
4. ತಲೆ ಹಿಂದಕ್ಕೆ ಬಾಗಿಸಿ ಅಂಗಳವನ್ನು ನೋಡಿ.
5. ಬೆರಳಿನಿಂದ ಕೆನ್ನೆ, ನಾಲಿಗೆಗಳನ್ನು ಮುಟ್ಟಿ ಗಂಟಿದೆಯೇ ಎಂದು ತಿಳಿಯಿರಿ. ಕತ್ತು ಮತ್ತು ದವಡೆಯ ಕೆಳಗೂ ಹೀಗೆಯೇ ಸವರಿ ನೋಡಿ.
6. ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟರೆ ಬಾಯಿಯೊಳಗೆ ಹೋಗುತ್ತವೆಯೇ ನೋಡಿ.

ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಗಂಟು, ಕಾರಣವಿಲ್ಲದೆ ಸಡಿಲವಾದ ಹಲ್ಲು, ಹಲ್ಲು ಕಿತ್ತ ಮೇಲೆ ತುಂಬಿಕೊಳ್ಳದ ಗುಳಿ, ನುಂಗಲು ಕಷ್ಟ, ಬಾಯಿ ಬಿಗಿತ - ಇವುಗಳಲ್ಲಿ ಒಂದನ್ನು ಕಂಡರೂ ವೈದ್ಯರಿಗೆ ತೋರಿಸಿ. ಮಚ್ಚೆಗಳೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನಾವಲ್ಲ. ಆರಂಭದಲ್ಲಿ ಇದು ಬಹುಮಟ್ಟಿಗೆ ನೋಯುವುದಿಲ್ಲ. ಆದ್ದರಿಂದ ನೋವಿಗಾಗಿ ಕಾಯಬೇಡಿ. ಚೂರು ಮಾಂಸ ತೆಗೆದು ಪರೀಕ್ಷಿಸಿದರೆ ರೋಗ ಹರಡುತ್ತದೆ ಎಂಬ ಮಾತು ನಿಜವಲ್ಲ.

ಇದರಿಂದ ಉಪಯೋಗವಿದೆಯೇ ಎಂದು ಕೇಳಬಹುದು. ಪಕ್ಕದ ಕೇರಳದ ತಿರುವನಂತಪುರದಲ್ಲಿ ಸುಮಾರು 9,000 ಮನೆಗಳಿಗೆ ಬಾಯಿ ನೋಡಿಕೊಳ್ಳುವ ಕ್ರಮದ ಕರಪತ್ರ ಹಂಚಲಾಯಿತು. ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ನೋಡಿಕೊಂಡವರು ನೂರಕ್ಕೆ 36 ಮಂದಿ ಮಾತ್ರ. ಸಂಶಯದಿಂದ ತೋರಿಸಲು ಬಂದವರು 247 ಜನ. ಅವರಲ್ಲಿ 7 ಜನರಿಗೆ ಕ್ಯಾನ್ಸರ್ ಇತ್ತು. ಮುಂದೆ ಅಲ್ಲಿಯೇ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಈ ರೋಗದ ಸಾವು ನೂರಕ್ಕೆ 34ರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಆದ್ದರಿಂದ ನೀವೇ ನೋಡಿಕೊಂಡರೆ ಸಾಲದು. ಅಭ್ಯಾಸವಿದ್ದವರು ನುರಿತವರಿಗೂ ಆಗಾಗ ಬಾಯಿ ತೋರಿಸಬೇಕು. 30 ದಾಟಿದವರ ಬಾಯಿ ಪರೀಕ್ಷೆ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿಯೇ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಲು ಸಂಕೋಚ ಬೇಡ.

2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಸುರುಳಿ ಬಿಳಿನೊಣ ಕಾಣಿಸಿಕೊಂಡದ್ದು ನಿಮಗೆ ನೆನಪಿದೆ. ಮೇಲಿನಿಂದ ನೋಡಿದರೆ ಗರಿ ಹಸಿರಾಗಿಯೇ ಇತ್ತು. ತಿರುವಿ ನೋಡಿದವರಿಗೆ ಮಾತ್ರ ಅಡಿಯಲ್ಲಿ ಬಿಳಿ ಸುರುಳಿ ಕಂಡಿತು. ಅಂದಿನಿಂದ ನೀವು ಗರಿ ತಿರುವಿ ನೋಡುವುದನ್ನು ಕಲಿತಿರಿ. ನಾಲಿಗೆಯ ಅಡಿಗೂ ಅಷ್ಟೇ ಗಮನ ಕೊಡಿ.

ತಪಸ್ಸು ಕಾಲ ಹತ್ತಿರ ಬರುತ್ತಿದೆ. ಹಲವರು ನಲವತ್ತು ದಿನ ಹೊಗೆಸೊಪ್ಪು ಬಿಟ್ಟು ಪಾಸ್ಖ ಹಬ್ಬದ ಸಂಜೆ ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಾರೆ. ನಲವತ್ತು ದಿನ ಬಿಡಬಲ್ಲವರು ನಲವತ್ತೊಂದನೆಯ ದಿನವೂ ಬಿಡಬಲ್ಲರು. ತಿಂಗಳ ಮೊದಲ ಭಾನುವಾರ ಪೂಜೆಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕನ್ನಡಿಯ ಮುಂದೆ ಬಾಯಿ ನೋಡಿಕೊಳ್ಳಿ. ಏನಾದರೂ ಕಂಡು ಆಸ್ಪತ್ರೆಗೆ ಹೋಗಲು ಹೆದರಿಕೆಯಾದರೆ ಗುರುಮನೆಗೆ ಬನ್ನಿ. ಈ ಸಲ ಪ್ರಾರ್ಥಿಸಿ, ನಿಮ್ಮೊಡನೆ ನಾವೂ ಬರುತ್ತೇವೆ.